ಸಾಹೇಬರಿಗೆ ಒಂದು ಬಳ್ಳಿ

ಮೂವತ್ತೊಂದನೆಯ ಎಲೆಯನ್ನು ಒರೆಸುವ ಹೊತ್ತಿಗೆ ಮೆಟ್ಟಿಲ ಮೇಲೆ ಅಕ್ಕನ ಚಪ್ಪಲಿಯ ಸದ್ದು ಕೇಳಿಸಿತು. ಕನ್ನಡಕದಂಗಡಿಯವನು ತಲೆ ಎತ್ತಲಿಲ್ಲ. ದಾಸವಾಳದ ಎಲೆಯನ್ನು ಎರಡು ಬೆರಳ ನಡುವೆ ಹಿಡಿದು, ಮಸೂರ ಒರೆಸುವ ಮೆತ್ತನೆಯ ಬಟ್ಟೆಯಿಂದ ತೊಟ್ಟಿನಿಂದ ತುದಿಯವರೆಗೆ ಒಂದೇ ಎಳೆತದಲ್ಲಿ ಒರೆಸಿದ. ಇಪ್ಪತ್ತಾರು ವರ್ಷ ಗಾಜು ಒರೆಸಿದ ಕೈ. ಬೇರೆ ರೀತಿ ಅದಕ್ಕೆ ಗೊತ್ತಿರಲಿಲ್ಲ.

ಮೇಜಿನ ಆಚೆ ಬದಿಗೆ ಬಲೆಯ ಗೂಡು. ಅದರೊಳಗೆ ಒಣ ಕೊಂಬೆಯನ್ನು ಅವುಚಿಕೊಂಡು ಗೋಸುಂಬೆ ಕೂತಿತ್ತು. ಬೇರೆ ಊರಿಗೆ ಹೊರಟ ಗಿರಾಕಿಯೊಬ್ಬರು ಹೋದ ವಾರ ಬಿಟ್ಟುಹೋದದ್ದು. ಎಲ್ಲವನ್ನೂ ನಿಧಾನವಾಗಿ ನೋಡುತ್ತದೆ, ಯಾವುದಕ್ಕೂ ಒಪ್ಪಿಗೆ ಕೊಡುವುದಿಲ್ಲ ಎಂದು ಅವನ ಹೆಂಡತಿ ಅದನ್ನು ಸಾಹೇಬರು ಎಂದು ಕರೆಯತೊಡಗಿದ್ದಳು. ಒಂದು ಕಣ್ಣು ಬಾಗಿಲಿಗೆ, ಇನ್ನೊಂದು ಗಲ್ಲಾಪೆಟ್ಟಿಗೆಗೆ. ಇಂಥ ಗಿರಾಕಿಗೆ ಕನ್ನಡಕ ಮಾಡಿಕೊಡುವುದು ಹೇಗೆಂದು ಅವನು ಒಂದು ಇಡೀ ಮಧ್ಯಾಹ್ನ ಯೋಚಿಸಿದ್ದ.

ಆದರೆ ಎರಡು ದಿನದಿಂದ ಸಾಹೇಬರು ನೀರು ಮುಟ್ಟಿರಲಿಲ್ಲ. ಗುಮ್ಮಟದಂತೆ ಉಬ್ಬಿರಬೇಕಾದ ಕಣ್ಣುಗಳು ಒಳಕ್ಕೆ ಇಳಿದಿದ್ದವು. ಬಟ್ಟಲಲ್ಲಿ ನಿಂತ ನೀರು ಗೋಸುಂಬೆಯ ಲೆಕ್ಕಕ್ಕೆ ನೀರೇ ಅಲ್ಲ, ಎಲೆಯ ಮೇಲಿನ ಹನಿಯನ್ನಷ್ಟೇ ಅದು ಕುಡಿಯುತ್ತದೆ ಎಂದು ಪಶುವೈದ್ಯೆ ಹೇಳಿದ್ದರು. ಗೂಡಿನಲ್ಲಿದ್ದ ಪ್ಲಾಸ್ಟಿಕ್ ಎಲೆಯೊಂದರ ಅಂಚನ್ನು ಅದು ಕಚ್ಚಿದ್ದನ್ನು ತೋರಿಸಿ, ಇದನ್ನೆಲ್ಲ ಎಸೆದು ಜೀವಂತ ಗಿಡ ಇಡಿ ಎಂದಿದ್ದರು. ಇವತ್ತು ಸಂಜೆಯೊಳಗೆ ಕುಡಿಯದಿದ್ದರೆ ಸೂಜಿಯಿಂದ ನೀರು ಕೊಡಬೇಕಾಗುತ್ತದೆ, ಇಷ್ಟು ಬಡವಾದ ಜೀವ ಅದನ್ನು ತಡೆದುಕೊಳ್ಳುತ್ತದೆಂದು ಹೇಳಲಾರೆ ಎಂದೂ ಹೇಳಿದ್ದರು. ಕಣಗಿಲೆ ಬೇಡ, ಕಳ್ಳಿ ಬೇಡ. ದಾಸವಾಳ ಆದೀತು, ಮನಿಪ್ಲಾಂಟ್ ಆದೀತು. ಔಷಧಿ ಮಾತ್ರ ಹೊಡೆದಿರಬಾರದು.

ಅವನು ಚಾಚೂ ತಪ್ಪದೆ ನಡೆದುಕೊಂಡಿದ್ದ. ನರ್ಸರಿಯವಳು ಸ್ವಂತಕ್ಕೆಂದು ಬೆಳೆಸಿದ್ದ, ಔಷಧಿಯ ಗಾಳಿಯೂ ಸೋಕದ ದಾಸವಾಳವನ್ನು ಬೆಳಿಗ್ಗೆ ಕಾಡಿಬೇಡಿ ತಂದ. ಬೇರು ತೊಳೆದು, ಗೊಬ್ಬರವಿಲ್ಲದ ಹೊಸ ಮಣ್ಣು ತುಂಬಿದ. ಸಾಹೇಬರು ಮಣ್ಣು ತಿನ್ನದಂತೆ, ಅವರ ಬಾಯಿಗೆ ಹಿಡಿಯದಷ್ಟು ದೊಡ್ಡ ಕಲ್ಲುಗಳನ್ನು ಕುಂಡದ ಮೇಲೆ ಹರಡಿದ. ಉಳಿದದ್ದು ಎಲೆಯ ಧೂಳು.

ಅಕ್ಕ ಬಾಗಿಲಲ್ಲಿ ನಿಂತಳು. ಅವನ ಹೆಂಡತಿಯ ಸ್ವೆಟರನ್ನು ರಫು ಮಾಡಿ ತಂದಿದ್ದಳು. ಮೇಲಿನ ಮಹಡಿಯಲ್ಲಿ ಅವಳದು ಅದೇ ಕೆಲಸ. ಹರಿದದ್ದು ಎಲ್ಲಿ ಎಂದು ಹರಿದುಕೊಂಡವನಿಗೇ ಗುರುತು ಸಿಗದಂತೆ ನೇಯ್ದು ಕೊಡುತ್ತಿದ್ದಳು. ಎರಡು ವರ್ಷದ ಹಿಂದೆ ಅವನು ಅವಳ ಕಣ್ಣು ಪರೀಕ್ಷೆ ಮಾಡಿ, ಇನ್ನು ಸೂಜಿ ಹಿಡಿಯೋದು ಬಿಡು ಅಂದಿದ್ದ. ಅಂಗಡಿಯಲ್ಲಿ ಆಗ ನಾಲ್ಕು ಜನ ಗಿರಾಕಿಗಳಿದ್ದರು. ಅವಳು ಎದ್ದು ಮೇಲೆ ಹೋದಳು. ಮರುವಾರ ಬೇರೆ ಅಂಗಡಿಯ ಕನ್ನಡಕ ಹಾಕಿಕೊಂಡು ಮೆಟ್ಟಿಲಿಳಿದಳು. ಅಲ್ಲಿಂದೀಚೆಗೆ ನೀರು ಬಂತಾ, ಗೇಟು ಹಾಕಿದ್ಯಾ, ಇಷ್ಟೇ ಮಾತು. ಅವತ್ತು ಹೇಳಿದ್ದು ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದರೆ ಕ್ಷಮೆ ಕೇಳುವುದು ಸುಲಭವಿತ್ತು ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿತ್ತು.

ಅಕ್ಕ ಸ್ವೆಟರ್ ಇಟ್ಟು ಹೊರಡಬೇಕಿತ್ತು. ಹೊರಡದೆ ಮೂಗರಳಿಸಿದಳು. ಮೇಜಿನ ಮೇಲಿದ್ದ ನೀಲಿ ಬಾಟಲಿಯನ್ನು ಎತ್ತಿ ಮೂಗಿನ ಹತ್ತಿರ ತಂದಳು. ಮಸೂರಕ್ಕೆ ಸಿಂಪಡಿಸುವ ದ್ರವ.

"ಇದನ್ನ ಎಲೆಗೆ ಹೊಡೆದ್ಯಾ?"

"ಧೂಳು ಹೋಗ್ಲಿ ಅಂತ. ಇದಕ್ಕಿಂತ ಚೊಕ್ಕ ಇನ್ನೇನಿದೆ ಅಂಗಡೀಲಿ?"

"ಅದು ನೀರು ಕುಡಿಯೋದು ಈ ಎಲೆ ಮೇಲಿಂದ ತಾನೇ?"

ಅವನ ಕೈ ಮೂವತ್ತೆರಡನೆಯ ಎಲೆಯ ಮೇಲೆ ಹಾಗೇ ನಿಂತಿತು. ಎಲೆಗಳೆಲ್ಲ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

"ಸಾಹೇಬ್ರಿಗೆ ನೀರು ಕುಡಿಸ್ತೀಯೋ, ಕಣ್ಣು ಚೆನ್ನಾಗಿ ಕಾಣೋ ಹಾಗೆ ಮಾಡ್ತೀಯೋ?" ಅಂದಳು ಅಕ್ಕ. ಅವಳ ಬಾಯಿಯ ಮೂಲೆ ನಡುಗುತ್ತಿತ್ತು. ಅವನು ಪೆಚ್ಚಾಗಿ ಕುಂಡವನ್ನು ನೋಡಿದ. ಆಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ.

ದಾಸವಾಳವನ್ನು ಚೆನ್ನಾಗಿ ತೊಳೆದು ಬಿಸಿಲಲ್ಲಿಟ್ಟು, ಹೊಸ ಎಲೆ ಬಂದ ಮೇಲೆ ಒಳಗೆ ತರಬಹುದೇ ಹೊರತು ಇವತ್ತು ಆಗದು ಎಂದು ಅವಳೇ ತೀರ್ಪು ಕೊಟ್ಟಳು. ಭಾನುವಾರ ಮಧ್ಯಾಹ್ನ, ನರ್ಸರಿ ಬಾಗಿಲು ಹಾಕಿಯಾಗಿತ್ತು. ಅವನು ಗಡಿಯಾರ ನೋಡಿದ. ಅಕ್ಕ ಮೆಟ್ಟಿಲ ಕಡೆ ನೋಡಿದಳು.

ಮೆಟ್ಟಿಲ ಕಂಬಿಯ ತುಂಬ ಅವಳ ಮನಿಪ್ಲಾಂಟ್ ಹಬ್ಬಿತ್ತು. ಗಾಜಿನ ಭರಣಿಯ ಬರಿಯ ನೀರಿನಲ್ಲಿ ಹನ್ನೊಂದು ವರ್ಷ ಬೆಳೆದ ಬಳ್ಳಿ. ಮಣ್ಣಿಲ್ಲ, ಗೊಬ್ಬರವಿಲ್ಲ, ಔಷಧಿಯಿಲ್ಲ. ಯಾರಿಗೂ ಒಂದು ಎಲೆ ಮುಟ್ಟಲು ಬಿಟ್ಟವಳಲ್ಲ. ಹೋದ ವರ್ಷ ಅವನು ಕನ್ನಡಿ ಸಾಗಿಸುವಾಗ ಒಂದು ಕವಲು ಜಜ್ಜಿಹೋಗಿದ್ದನ್ನು ದಾರ ಸುತ್ತಿ ಬದುಕಿಸಿದ್ದಳು.

"ಅಕ್ಕ, ಬೇಡ," ಅಂದ ಅವನು.

ಅವಳು ಆಗಲೇ ಸೊಂಟದಿಂದ ಚಿಕ್ಕ ಕತ್ತರಿ ತೆಗೆದಿದ್ದಳು.

ಇಬ್ಬರೂ ತೊಟ್ಟಿಯ ಎದುರು ಕೂತು, ಬರಿಯ ನೀರಿನಲ್ಲಿ, ಬರಿಯ ಕೈಯಲ್ಲಿ, ಕತ್ತರಿಸಿದ ಬಳ್ಳಿಯ ಎಲೆ ತೊಳೆದರು. ಅವಳು ತೊಳೆದು ಕೊಟ್ಟ ಬಳ್ಳಿಯನ್ನು ಅವನು ಭೂತಗನ್ನಡಿಯಲ್ಲಿ ಎಲೆ ಎಲೆಯಾಗಿ ತಿರುಗಿಸಿ ನೋಡಿ ಬುಟ್ಟಿಗೆ ಇಳಿಸುತ್ತಿದ್ದ. ಒಂದು ಎಲೆಯ ಅಡಿಯಲ್ಲಿ ಹತ್ತಿಯ ಚೂರಿನಂಥ ಬಿಳಿಯ ಹುಳುಗಳಿದ್ದವು. ಭೂತಗನ್ನಡಿ ಬೇಕಾಗಿರಲಿಲ್ಲ, ದೂರದಿಂದಲೇ ಕಾಣುತ್ತಿತ್ತು. ಅವನು ಆ ಎಲೆಯನ್ನು ಚಿವುಟಿ ಪಕ್ಕಕ್ಕಿಟ್ಟ.

"ಹುಳ ಇತ್ತಾ?"

"ಒಂದೆರಡು."

ನಲ್ಲಿಯ ನೀರು ಸುರಿಯುತ್ತಿತ್ತು. "ನಂಗೆ ಕಾಣ್ಲಿಲ್ಲ ಕಣೋ," ಅಂದಳು ಅಕ್ಕ. ಎರಡು ವರ್ಷ ಎಷ್ಟೋ ಮಾತು ಕೂಡಿಟ್ಟಿದ್ದ ಅವನು ಮುಂದಿನ ಎಲೆಗೆ ಕೈ ಚಾಚಿದ, ಅಷ್ಟೇ.

ಬಳ್ಳಿಯನ್ನು ಗೂಡಿನ ಕೊಂಬೆಗಳಿಗೆ ಹಬ್ಬಿಸಿ, ಅದರ ಬುಡವನ್ನು ಕಿರಿದಾದ ಬಾಯಿಯ ಸೀಸೆಯ ನೀರಿಗೆ ಇಳಿಬಿಟ್ಟರು. ಮೇಲೆ ಸೂಜಿಯಿಂದ ತೂತು ಮಾಡಿದ ನೀರಿನ ಬಾಟಲಿ. ತೂತು ಕೊರೆದವಳು ಅಕ್ಕನೇ. ಹನಿ ಎಲೆಗೆ ಬಿತ್ತು, ತುದಿಗೆ ಜಾರಿತು, ತೂಗಿತು. ಸಾಹೇಬರು ಅಲುಗಲಿಲ್ಲ. ಮತ್ತೊಂದು ಹನಿ. ಇನ್ನೊಂದು ಕುರ್ಚಿಯ ಮೇಲೆ ದಾಸವಾಳದ ಕುಂಡವಿದ್ದದ್ದರಿಂದ ಅಕ್ಕ ಕಣ್ಣು ಪರೀಕ್ಷೆಯ ಕುರ್ಚಿಯಲ್ಲೇ ಕೂತಳು. ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಬಿಸಿಲು ಮೇಜಿನ ಅಂಚಿನಿಂದ ಕೆಳಗಿಳಿಯಿತು.

ಆಮೇಲೆ ಒಂದು ಕಣ್ಣು ತಿರುಗಿತು. ಇನ್ನೊಂದೂ ಅದೇ ಹನಿಗೆ ಬಂದು ಸೇರಿತು. ಕಾಲು ಮುಂದಕ್ಕೆ ಬಂತು, ಅರ್ಧದಲ್ಲಿ ತೂಗಾಡಿತು, ಬಳ್ಳಿಯನ್ನು ಹಿಡಿಯಿತು. ಬಾಯಿ ತೆರೆಯಿತು. ಗಂಟಲು ಒಮ್ಮೆ ಏರಿ ಇಳಿಯಿತು, ಮತ್ತೊಮ್ಮೆ, ಆಮೇಲೆ ನಿಲ್ಲಲೇ ಇಲ್ಲ.

"ಸಹಿ ಬಿತ್ತು," ಅಂದಳು ಅಕ್ಕ ಮೆಲ್ಲಗೆ.

ಅವಳು ಕನ್ನಡಕ ತೆಗೆದು ಮೆತ್ತನೆಯ ಬಟ್ಟೆಯ ಮೇಲಿಟ್ಟು, ಕುರ್ಚಿಗೆ ಒರಗಿದಳು. ಕನ್ನಡಕದ ಒಂದು ಕಾಲು ಕಳಚಿದ್ದು, ತಿರುಪಿನ ಜಾಗದಲ್ಲಿ ಕಂದು ದಾರ ಸುತ್ತಿತ್ತು. ಅವನು ಅದನ್ನು ಕೈಗೆತ್ತಿಕೊಂಡು ಭೂತಗನ್ನಡಿಯಡಿ ಹಿಡಿದ. ಎಷ್ಟು ತಿರುಗಿಸಿ ನೋಡಿದರೂ ಗಂಟು ಎಲ್ಲಿದೆ ಎಂದು ಅವನಿಗೆ ಸಿಗಲಿಲ್ಲ.