ಅರ್ಧ ನಿಂದು, ಅರ್ಧ ನಂದು

ಇನಾಯತುಲ್ಲಾ ಸಾಹೇಬರು ಒಂಬತ್ತು ವರ್ಷದಿಂದ ಯಾರ ಜೊತೆ ಮಾತು ಬಿಟ್ಟಿದ್ದರೋ ಆ ಪ್ರಸನ್ನ ಕುಮಾರ, ಬೆಳಗ್ಗೆ ಹತ್ತೂವರೆಗೆ ಮಧುಗಿರಿ ಬಸ್ಸಿಳಿದು ಶಿರಾದ ಅಂಗಡಿಯ ಬಾಗಿಲಲ್ಲಿ ಬಂದು ನಿಂತ. ಕರೆಸಿದ್ದು ಸಾಹೇಬರಲ್ಲ, ಅವರ ಮಗಳು ಖುಷ್ನುಮಾ. ಅಪ್ಪನಿಗೆ ಒಂದು ಮಾತೂ ಹೇಳದೆ ಫೋನು ಮಾಡಿದ್ದಳು.

"ಒಳಗ್ ಬರ್ಲಾ ಭಾಯ್?" ಎಂದ ಪ್ರಸನ್ನ.

"ಬಾಗ್ಲು ತೆಗ್ದೇ ಐತಲ್ಲ," ಎಂದರು ಸಾಹೇಬರು, ಮುಖ ಮಾತ್ರ ಬೀದಿಯ ಕಡೆಗಿಟ್ಟುಕೊಂಡು.

ಈ ಕೋಪ ಸುಮ್ಮನೆ ಬಂದದ್ದಲ್ಲ. ಹದಿನಾರು ವರ್ಷ ಇಬ್ಬರೂ ಸೇರಿ ಈ ಅಂಗಡಿಯಲ್ಲಿ ಮದುವೆ ಕಾರ್ಡು ಮಾಡಿದವರು. ಕನ್ನಡದ ಕಾರ್ಡು ಪ್ರಸನ್ನನದು, ಉರ್ದು ಕಾರ್ಡು ಸಾಹೇಬರದು. ಆಷಾಢ ಬಂದರೆ ಪ್ರಸನ್ನನ ಕೈ ಖಾಲಿ, ಮೊಹರಂ ಬಂದರೆ ಸಾಹೇಬರ ಕೈ ಖಾಲಿ, ಅಂಗಡಿಗೆ ಮಾತ್ರ ಯಾವತ್ತೂ ಪುರುಸೊತ್ತಿಲ್ಲ. ಕೊಳಾಲದಿಂದ, ಚನ್ನರಾಯನದುರ್ಗದಿಂದ ಮನೆಮಂದಿಯೆಲ್ಲ ಬಂದು ಬೆಂಚಿನ ಮೇಲೆ ಕೂತು, ಅಜ್ಜನ ಹೆಸರು ಮೊದಲೋ ದೊಡ್ಡಪ್ಪನದು ಮೊದಲೋ ಅಂತ ಅಲ್ಲೇ ಜಗಳಕ್ಕಿಳಿಯುತ್ತಿದ್ದರು. ಏನು ಕಾಲವಪ್ಪ ಅದು! ಈಗ ಫೋನಿಗೊಂದು ಚಿತ್ರ ಬರುತ್ತದೆ, ಹೆಬ್ಬೆಟ್ಟೆತ್ತಿ ತೋರಿಸಿದರೆ ಮುಗಿಯಿತು. ಅದನ್ನೂ ಮದುವೆಗೆ ಕರೆದದ್ದು ಅನ್ನುತ್ತಾರೆ.

ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಕಂಪ್ಯೂಟರು. ಉರ್ದು ಸಾಫ್ಟ್‌ವೇರು ಹಳೆಯ ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ಏಳುತ್ತಿತ್ತು, ಪ್ರಸನ್ನನ ಕೆಲಸಕ್ಕೆ ವಿಂಡೋಸ್ ಸೆವೆನ್ ಬೇಕಿತ್ತು. ಹಾಗಾಗಿ ಡಿಸ್ಕನ್ನು ಎರಡು ಪಾಲು ಮಾಡಿ ಒಂದೊಂದರಲ್ಲಿ ಒಂದೊಂದನ್ನು ಹಾಕಿಕೊಂಡಿದ್ದರು. "ಅರ್ಧ ನಿಂದು, ಅರ್ಧ ನಂದು" ಎಂದು ಹೇಳಿದ್ದು ಸಾಹೇಬರೇ. ಒಂದು ಎಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ.

ಸಾಹೇಬರ ಪಾಲಿನಲ್ಲಿ ಅವರ ಹೆಂಡತಿ ಅಫ್ಜಲುನ್ನೀಸಾ ಬರೆದ ಅಕ್ಷರಗಳಿದ್ದವು. ಆಕೆ ಬಿದಿರಿನ ಕಲಮಿನಲ್ಲಿ ಹುಡುಗ ಹುಡುಗಿಯ ಹೆಸರು ಬರೆದುಕೊಟ್ಟರೆ, ಸಾಹೇಬರು ಅದನ್ನು ಸ್ಕ್ಯಾನ್ ಮಾಡಿ ಕಾರ್ಡಿಗೆ ಕೂರಿಸುತ್ತಿದ್ದರು. ಆಕೆ ತೀರಿಕೊಂಡ ಮೂರು ತಿಂಗಳಿಗೆ ಪ್ರಸನ್ನನ ಪಾಲು ಕೆಟ್ಟಿತು. ಹೊಸದಾಗಿ ವಿಂಡೋಸ್ ಹಾಕಲು ಕೂತ. ಆ ಪರದೆಯಲ್ಲಿ ಯಾವ ಪಾಲು ಯಾರದು ಅಂತ ಬರುವುದಿಲ್ಲ. ಒಂದು, ಎರಡು ಎಂಬ ಅಂಕಿ, ಮುಂದೆ ಅಳತೆ, ಅಷ್ಟೇ. ಎರಡರ ಅಳತೆಯೂ ಒಂದೇ. ಪುಣ್ಯಾತ್ಮ ಸಾಹೇಬರ ಪಾಲನ್ನು ಅಳಿಸಿ, ಅದರ ಮೇಲೆ ತನ್ನದನ್ನು ಕೂರಿಸಿಬಿಟ್ಟ.

ಅಚ್ಚಾದ ಕಾರ್ಡುಗಳಾದರೂ ಉಳಿದವೇ ಅಂದರೆ ಅದೂ ಇಲ್ಲ. ಅಲ್ಲಾಹನ ಹೆಸರಿರುವ ಕಾಗದ ಯಾರ ಕಾಲಿಗೂ ಸಿಗಬಾರದು ಎಂದು ಅಫ್ಜಲುನ್ನೀಸಾ ತಾನೇ ವರ್ಷಕ್ಕೊಮ್ಮೆ ಬರೆದ ಹಾಳೆಗಳನ್ನೂ ಅಂಗಡಿಯ ಮಾದರಿ ಕಾರ್ಡುಗಳನ್ನೂ ಗುಂಡಿ ತೋಡಿಸಿ ಹೂಳಿಸುತ್ತಿದ್ದಳು. ಮದುವೆ ಮನೆಗಳವರು ಮಾಡುತ್ತಿದ್ದದ್ದೂ ಅದನ್ನೇ. ಆಕೆಯ ಕೈಬರಹದ ಒಂದು ಚೂರೂ ಮನೆಯಲ್ಲಿ ಉಳಿಯಲಿಲ್ಲ.

ಈಗ ಖುಷ್ನುಮಾಳ ನಿಕಾಹ್ ಗೊತ್ತಾಗಿತ್ತು. ಅಮ್ಮಿಯ ಅಕ್ಷರದಲ್ಲಿ ಆದರೆ ಕಾರ್ಡು, ಇಲ್ಲವಾದರೆ ಕಾರ್ಡೇ ಬೇಡ ಎಂದು ಪಟ್ಟು ಹಿಡಿದಿದ್ದಳು. ಸಾಹೇಬರಿಗೂ ಒಳಗೊಳಗೆ ಅದೇ ಆಸೆ. ಬಾಯಿ ಬಿಟ್ಟು ಹೇಳುವ ಆಸಾಮಿಯಲ್ಲ.

ಪ್ರಸನ್ನ ಬ್ಯಾಗಿನಿಂದ ಸೀಡಿಗಳ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟ. "ಅಚ್ಚಿಗೆ ಕಳಿಸ್ತಿದ್ವಲ್ಲ ಭಾಯ್, ಆ ಪ್ರೆಸ್‌ಗಳ್ಗೆಲ್ಲ ಹೋಗ್ಬಂದೆ. ಕೊರಟಗೆರೇಲಿ ಎರಡು ಸಿಕ್ತು, ಮಧುಗಿರೀಲಿ ಮೂರು. ಪಾವಗಡದ ಕದಿರಯ್ಯ ಅಟ್ಟ ಹತ್ತಿ ಆರು ಹುಡುಕ್ಕೊಟ್ಟ. ಭಾಬಿ ಬರ್ದಿದ್ದ ಹನ್ನೊಂದು ಕಾರ್ಡಿನ ಫೈಲು."

"ಯಾವಾಗ್ ಹೋಗಿದ್ದೆ?"

"ಒಂದೇ ಸಲಕ್ಕಲ್ಲ. ಮೊದಲ್ನೇದು ಸಿಕ್ಕಿ ಏಳು ವರ್ಷ ಆಯ್ತು. ತಂದ್ಕೊಡಾನ ಅಂದ್ರೆ ನೀವು ಫೋನೇ ಎತ್ತಲಿಲ್ಲ."

ಸಾಹೇಬರು ಗಡ್ಡ ನೀವಿಕೊಂಡರು.

ಆ ಫೈಲುಗಳು ತೆರೆಯಬೇಕಾದರೆ ಹಳೆಯ ಉರ್ದು ಸಾಫ್ಟ್‌ವೇರು ಬೇಕು. ಅದರ ಸೀಡಿ ಸಾಹೇಬರ ಬೀರುವಿನಲ್ಲೇ ಇತ್ತು. ಆದರೆ ವರ್ಷಗಟ್ಟಲೆ ಬಟ್ಟೆ ಹೊದ್ದು ಕೂತಿದ್ದ ಕಂಪ್ಯೂಟರು ಕಪ್ಪು ಪರದೆ ತೋರಿಸಿ ಸುಮ್ಮನಾಗುತ್ತಿತ್ತು. ಪ್ರಸನ್ನ ತನ್ನ ಲ್ಯಾಪ್‌ಟಾಪು ತೆರೆದು ಹೊಸದೊಂದು ಪೆನ್‌ಡ್ರೈವ್ ಚುಚ್ಚಿದ.

"ಇದೊಂದ್ರಲ್ಲೇ ಮೂರು ಹಾಕ್ತೀನಿ. ಎಕ್ಸ್‌ಪಿ, ಸೆವೆನ್, ಲಿನಕ್ಸ್."

"ಲಿನಕ್ಸ್ ಯಾಕೆ? ನಮ್ಗೆ ಬೇಕಾಗಿರೋದು ಎರಡೇ ಅಲ್ವಾ?"

"ನೋಡಕ್ಕೆ. ಏನೂ ಮುಟ್ಟದಂಗೆ ಡಿಸ್ಕಲ್ಲಿ ಏನೈತೆ ಅಂತ ಮೊದ್ಲು ನೋಡ್ಬೌದು. ಆವತ್ತು ಅಂಗ್ ನೋಡಿದ್ದಿದ್ರೆ..." ಎನ್ನುತ್ತ ಪ್ರಸನ್ನ ಲ್ಯಾಪ್‌ಟಾಪಿನ ಕಡೆ ತಿರುಗಿದ.

ಸಾಹೇಬರಿಗೆ ಹಿಂದಿನದೆಲ್ಲ ಕಣ್ಮುಂದೆ ಬಂತು. ಆಗ ಒಂದೊಂದಕ್ಕೂ ಒಂದೊಂದು ಸೀಡಿ. ಗೀರು ಬೀಳದಿರಲಿ ಎಂದು ಅಫ್ಜಲುನ್ನೀಸಾ ತನ್ನ ಹಳೆಯ ದುಪಟ್ಟಾ ಹರಿದು ಚೀಲ ಹೊಲಿದುಕೊಟ್ಟಿದ್ದಳು. ಪ್ರಸನ್ನ ಅದನ್ನು ಹೆಗಲಿಗೆ ಹಾಕಿಕೊಂಡು ಮಿಡಿಗೇಶಿಗೆ ಯಾರದೋ ಕೆಟ್ಟ ಕಂಪ್ಯೂಟರು ರಿಪೇರಿಗೆ ಹೊರಟರೆ, "ಹಕೀಮರು ಹೊರಟ್ರು" ಅಂತ ರೇಗಿಸುತ್ತಿದ್ದಳು.

ಲ್ಯಾಪ್‌ಟಾಪಿನಲ್ಲಿ ಎಚ್ಚರಿಕೆಯೊಂದು ಬಂತು. ಈ ಪೆನ್‌ಡ್ರೈವಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಬೇಕೇ? ಪ್ರಸನ್ನನ ಬೆರಳು ಮೌಸಿನ ಮೇಲೆ ನಿಂತೇಬಿಟ್ಟಿತು.

"ನೀವು ಒತ್ತಿ ಭಾಯ್."

"ಖಾಲಿ ಪೆನ್‌ಡ್ರೈವ್ ಕಣ್ಲಾ ಅದು. ಈಗ್ತಾನೆ ನೀನೇ ಕವರು ಹರ್ದೆ."

"ಗೊತ್ತು. ಆದ್ರೂ ನೀವೇ ಒತ್ತಿ."

ಸಾಹೇಬರು ಅವನ ಮುಖ ನೋಡಿದರು. ಇಷ್ಟು ವರ್ಷ ಉರಿದವನು ತಾನೊಬ್ಬನೇ ಅಂದುಕೊಂಡಿದ್ದರು. ಮೌಸು ತಮ್ಮ ಕಡೆಗೆ ಎಳೆದುಕೊಂಡು ಒತ್ತಿದರು. ಇನ್ನೊಂದು ಸಲ ಕೇಳಿತು, ಇನ್ನೊಂದು ಸಲ ಒತ್ತಿದರು. ಆಮೇಲೆ ಕೆಲಸ ಸಲೀಸು. ಎಕ್ಸ್‌ಪಿ, ಸೆವೆನ್, ಲಿನಕ್ಸ್ ಮೂರರ ದೊಡ್ಡ ಫೈಲುಗಳನ್ನು ಬಿಚ್ಚದೆ, ಕತ್ತರಿಸದೆ, ಇದ್ದ ಹಾಗೇ ಪೆನ್‌ಡ್ರೈವಿನೊಳಗೆ ಹಾಕಿದರಾಯಿತು. ಕಂಪ್ಯೂಟರು ಏಳುವಾಗ ಅದೇ ಪಟ್ಟಿ ತೋರಿಸಿ, ಯಾವುದು ಬೇಕು ಅಂತ ಕೇಳುತ್ತದೆ.

ಮೊದಲು ಲಿನಕ್ಸ್ ಎಬ್ಬಿಸಿ ಹಳೆಯ ಡಿಸ್ಕನ್ನು ಮೂಲೆಮೂಲೆ ಹುಡುಕಿದರು. ಆಕೆಯದೇನೂ ಇರಲಿಲ್ಲ. ಆದರೂ ಪ್ರಸನ್ನ ಆ ಡಿಸ್ಕನ್ನು ಬಿಚ್ಚಿ, ಕರ್ಚೀಫಿನಲ್ಲಿ ಸುತ್ತಿ ಸಾಹೇಬರ ಕೈಗೇ ಕೊಟ್ಟ. ತಾನು ತಂದ ಬೇರೊಂದು ಡಿಸ್ಕು ಕೂರಿಸಿದ. "ನಿಮ್ ಪಾಲು ದೊಡ್ಡದು, ನಂದು ಚಿಕ್ಕದು. ಇನ್ನ ಅದ್ಲುಬದ್ಲಾಗಲ್ಲ," ಎಂದು ಹಳೆಯದಾದ ಎಕ್ಸ್‌ಪಿಯನ್ನು ಮೊದಲು ಹಾಕಿದ, ಸೆವೆನ್ ಆಮೇಲೆ.

ಅಷ್ಟೂ ಹೊತ್ತು ಸಾಹೇಬರು ಡಿಸ್ಕನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು. ಅಂಗಡಿಯ ಹಿಂದೆಯೇ ಮನೆ; ಖುಷ್ನುಮಾ ಬಂದು ಊಟಕ್ಕೆ ಕರೆದರೆ "ಅವನಿಗೆ ಮೊದ್ಲು ಹಾಕು" ಅಂದರು. ಅವಳು ಒಳಗೆ ಹೋಗಿ ಮುಸಿಮುಸಿ ನಕ್ಕಳು.

ಮೂರು ಗಂಟೆಗೆ ಎಲ್ಲ ಸಿದ್ಧವಾಯಿತು. ಮೊದಲ ಸೀಡಿ ಗರಗರ ಸದ್ದು ಮಾಡಿ ಸುಮ್ಮನಾಯಿತು. ಎರಡನೆಯದಕ್ಕೂ ಅದೇ ಗತಿ. ಪ್ರಸನ್ನ ಮುಂದಿನದನ್ನು ಅಂಗಿಯ ತುದಿಗೆ ಒರೆಸಿ ಹಾಕಿದ. ಮೂರನೆಯದು ತೆರೆಯಿತು.

ಪರದೆಯ ತುಂಬ ಅಫ್ಜಲುನ್ನೀಸಾಳ ಅಕ್ಷರ. ಶೀನ್ ಅಕ್ಷರದ ಮೇಲಿನ ಮೂರು ಚುಕ್ಕಿಯನ್ನು ಆಕೆ ಸ್ವಲ್ಪ ಓರೆಯಾಗಿ ಇಡುತ್ತಿದ್ದಳು, ಹಾಗೇ ಇತ್ತು. ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಮಗಳ ಮುಂದೆ ಅಳಬಾರದು ಅಂತ ಬಹಳ ಪ್ರಯತ್ನಪಟ್ಟರು, ಆಗಲಿಲ್ಲ. ಖುಷ್ನುಮಾ ಅಪ್ಪನ ಭುಜ ಹಿಡಿದುಕೊಂಡು ತಾನೂ ಅತ್ತಳು.

ಹನ್ನೊಂದರಲ್ಲಿ ಏಳು ಬದುಕಿದ್ದವು. ಎಲ್ಲವನ್ನೂ ನೋಡಿ ಮುಗಿಸಿದ ಮೇಲೆ ಖುಷ್ನುಮಾ ಮೆಲ್ಲಗೆ ಹೇಳಿದಳು, "ಇವ್ರಲ್ಲಿ ಯಾರದ್ದೂ ನನ್ನ ಹೆಸ್ರಲ್ಲ ಅಬ್ಬಾ."

"ಹೆಸ್ರು ಇಲ್ದಿದ್ರೆ ಏನಾಯ್ತು ಬೇಟಾ, ಅಕ್ಷರ ಐತಲ್ಲ."

ಸಾಹೇಬರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಒಬ್ಬಳ ಮದುವೆ ಕಾರ್ಡಿನಿಂದ ಒಂದು ಅಕ್ಷರ, ಇನ್ನೊಬ್ಬಳದರಿಂದ ಇನ್ನೊಂದು. ಕತ್ತರಿಸುವುದು, ಸರಿಸುವುದು, ಬಾಲಕ್ಕೆ ಬಾಲ ಕೂಡಿಸುವುದು. ಒಂದು ತಾಸು ಹಿಡಿಯಿತು. ವರನ ಹೆಸರು ನಯಾಜ್, ಅವನು ಕೊರಟಗೆರೆಯ ಕಾರ್ಡಿನಲ್ಲಿ ಇಡಿಯಾಗಿಯೇ ಸಿಕ್ಕ. "ಅದೃಷ್ಟವಂತ," ಎಂದ ಪ್ರಸನ್ನ. ಖುಷ್ನುಮಾ ಪರದೆಯ ಮೇಲೆ ತನ್ನ ಹೆಸರನ್ನು ನೋಡುತ್ತ ನಿಂತಳು. ಅಮ್ಮಿ ಈಗಷ್ಟೇ ಬರೆದು ಕೈಯೊರೆಸಿಕೊಂಡು ಎದ್ದುಹೋದ ಹಾಗಿತ್ತು.

ಸಾಹೇಬರು ಮಾತ್ರ ಏಳಲಿಲ್ಲ. ಕಾರ್ಡಿನ ಅಡಿಯಲ್ಲಿ ತಮ್ಮ ಹೆಸರು ಕೂರಿಸಿ, ಮತ್ತೆ ಹಳೆಯ ಕಾರ್ಡುಗಳನ್ನು ಒಂದೊಂದೇ ತೆರೆಯತೊಡಗಿದರು.

"ಇನ್ನೇನ್ ಹುಡುಕ್ತಿದ್ದೀರಾ ಭಾಯ್? ಹೆಸ್ರೆಲ್ಲ ಮುಗೀತಲ್ಲ."

"ಪಾವಗಡದ್ದು ತೆಗಿ ಒಂದ್ಸಲ."

ಪ್ರಸನ್ನ ತೆಗೆದುಕೊಟ್ಟ. ಅದರಿಂದ ಒಂದು ಅಕ್ಷರ, ಬೇರೆಯದರಿಂದ ಎರಡು ಮೂರು. ಕೂಡಿಸಿದ್ದು ಜಾರಿ ಹೋಗುತ್ತಿತ್ತು, ಬೈದುಕೊಂಡು ಮತ್ತೆ ಕೂಡಿಸಿದರು. ತಮ್ಮ ಹೆಸರಿನ ಕೆಳಗೆ ಇನ್ನೊಂದು ಹೆಸರು ನಿಂತಿತು.

ಪ್ರಸನ್ನನಿಗೆ ಉರ್ದು ಓದಲು ಬಾರದು. "ಯಾರ್ದು ಇದು?"

"ದಾರಿ ಮೇಲೆ ಕಣ್ಣಿಟ್ಟು ಕಾಯ್ತಿರೋರು ಅಂತ ಇಲ್ಲಿ ಬರೀತೀವಿ. ನಿಮ್ ಕಾರ್ಡಲ್ಲಿ ಸುಖಾಗಮನ ಬಯಸುವವರು ಅಂತ ಹಾಕ್ತೀರಲ್ಲ, ಅದೇ. ಮೇಲಿಂದು ನಂದು. ಕೆಳಗಿಂದು ಪ್ರಸನ್ನ ಕುಮಾರ್."

ಪ್ರಸನ್ನ ಬೆಂಚಿನ ಮೇಲೆ ಕೂತುಬಿಟ್ಟ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಖುಷ್ನುಮಾ ನೀರು ತರಲು ಒಳಗೆ ಹೋದಳು.

"ಲೇ, ಏಳು," ಎಂದರು ಸಾಹೇಬರು. "ಕಾರ್ಡಿನ ಕನ್ನಡದ ಮಗ್ಲು ನಂಗೆ ಬರಲ್ಲ, ನೀನೇ ಮಾಡ್ಬೇಕು. ನಿನ್ ಸೆವೆನ್‌ಗೆ ರೀಸ್ಟಾರ್ಟ್ ಮಾಡ್ಲಾ?"

ಪ್ರಸನ್ನ ಕಣ್ಣೊರೆಸಿಕೊಂಡು ಗಾಬರಿಯಲ್ಲಿ ಎದ್ದು ಬಂದ. "ತಡೀರಿ ಭಾಯ್. ಸೇವ್ ಮಾಡಿದ್ರಾ?"

"ಮಾಡ್ದೆ."

"ಇನ್ನೊಂದ್ಸಲ ಮಾಡ್ಬುಡಿ."

ಸಾಹೇಬರು ಇನ್ನೊಂದು ಸಲ ಮಾಡಿದರು.