ಬೆಣ್ಣೆಕಾಲಿನ ಬ್ರೇಕು

ಅಪ್ಪನಿಗೆ ಬಸ್ ಡಿಪೋದಲ್ಲಿ ಬೆಣ್ಣೆಕಾಲು ಎಂದು ಹೆಸರಿತ್ತು. ಅವರು ಬ್ರೇಕ್ ಒತ್ತಿದರೆ ನಿಂತವರು ಕಂಬಿ ಹಿಡಿಯಬೇಕಾಗಿರಲಿಲ್ಲ, ಅಮ್ಮಂದಿರ ತೊಡೆಯ ಮೇಲೆ ಮಲಗಿದ್ದ ಕೂಸುಗಳಿಗೆ ಎಚ್ಚರವಾಗುತ್ತಿರಲಿಲ್ಲ. ಹೊಸದಾಗಿ ಸೇರಿದ ಡ್ರೈವರುಗಳನ್ನು ಅವರ ಹಿಂದಿನ ಸೀಟಿನಲ್ಲಿ ಕೂರಿಸಿ, "ಆ ಕಾಲು ನೋಡಿ ಕಲೀರಿ" ಎನ್ನುವುದು ಡಿಪೋದ ರೂಢಿ. ಈಗ ಆ ಕಾಲೇ ಕೈಕೊಟ್ಟಿತ್ತು. ಕಾಲು ಕೈಕೊಟ್ಟಿತು ಎಂದರೆ ಕೇಳಿದವರಿಗೆ ನಗು ಬರಬಹುದು, ಆ ಮನೆಯಲ್ಲಿ ಮಾತ್ರ ಯಾರಿಗೂ ಬರುತ್ತಿರಲಿಲ್ಲ.

ಮೊದಲು ಸಿಗ್ನಲ್ಲಿನಲ್ಲಿ ನಿಂತಿದ್ದ ಹಾಲಿನ ವ್ಯಾನಿಗೆ ಹಿಂದಿನಿಂದ ಮುತ್ತಿಟ್ಟರು. ವ್ಯಾನಿನ ಬಾಗಿಲು ಒಳಗೆ ಹೋಯಿತು, ಅಷ್ಟೆ. ಆಮೇಲೊಂದು ದಿನ ರಸ್ತೆ ದಾಟುವ ಬಿಳಿ ಪಟ್ಟೆಗಳ ಮೇಲೆಯೇ ಬಸ್ಸು ಹೋಗಿ ನಿಂತಿತು. ಶಾಲೆಯ ಹುಡುಗಿಯೊಬ್ಬಳು ಚೀಲ ಬಿಟ್ಟು ಹಿಂದಕ್ಕೆ ಹಾರಿದ್ದಳು. ಹುಡುಗಿಗೆ ಏನೂ ಆಗಲಿಲ್ಲ. ಆದರೂ ಆಫೀಸಿನವರು ಅಪ್ಪನ ಕೈಯಿಂದ ಬಸ್ಸು ಕಿತ್ತುಕೊಂಡು, ಪ್ರಯಾಣಿಕರು ಮರೆತುಹೋದ ಕೊಡೆ, ಡಬ್ಬಿಗಳನ್ನು ಕಾಯುವ ಕೋಣೆಯಲ್ಲಿ ಕೂರಿಸಿದರು. ಕಾಲಿನ ಚುರುಕು ನೋಡುವ ಪರೀಕ್ಷೆ ಆಗುತ್ತದೆ, ಪಾಸಾದರೆ ಮತ್ತೆ ಬಸ್ಸು, ಇಲ್ಲದಿದ್ದರೆ ನಿವೃತ್ತಿಯವರೆಗೂ ಕೊಡೆಗಳೇ ಗತಿ ಎಂದರು.

ಮಗಳು ಮನೆಯಿದ್ದ ಬೀದಿಯ ತುದಿಯಲ್ಲೇ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಳು. ಕಂಪ್ಯೂಟರ್ ಆಟವೆಂದರೆ ಮೂಗು ಮುರಿಯುತ್ತಿದ್ದ ಅಪ್ಪ ಒಂದು ಸಂಜೆ ತಾವಾಗಿಯೇ ಅಂಗಡಿಗೆ ಬಂದು, ತಲೆ ಕೆರೆದುಕೊಂಡು, "ಬಸ್ ಓಡಿಸೋ ಆಟ ಅಂತ ಇದೆಯಂತಲ್ಲ ಮಗಳೇ, ಕಾಲಿಗೆ ಸ್ವಲ್ಪ ಅಭ್ಯಾಸ ಆಗ್ಲಿ ಅಂತ" ಎಂದರು. ಅವಳು ಅರ್ಧ ಬಿಚ್ಚಿದ್ದ ಕಂಪ್ಯೂಟರನ್ನು ಪಕ್ಕಕ್ಕಿಟ್ಟಳು. ಅಂದೇ ಸ್ಟೀರಿಂಗು, ಪೆಡಲು ಎಲ್ಲ ತಂದು ನಡುಮನೆಯ ಮೇಜಿಗೆ ಬಿಗಿದುಕೊಟ್ಟಳು.

ಮೊದಲ ತಿರುವಿನಲ್ಲೇ ತಕರಾರು ಶುರುವಾಯಿತು. ಸ್ಟೀರಿಂಗ್ ಹೊರಳಿಸಿದ ಕೂಡಲೇ ಪರದೆಯ ನಡುವೆ ಅಡ್ಡಗೆರೆಯೊಂದು ಎದ್ದು, ದೀಪದ ಕಂಬದ ತಲೆ ಒಂದು ಕಡೆಗೂ ಬುಡ ಇನ್ನೊಂದು ಕಡೆಗೂ ಆಗುತ್ತಿತ್ತು.

"ಇದೇನಿದು, ಊರನ್ನೇ ಕತ್ತರಿಸಿ ಅಂಟಿಸಿದ ಹಾಗಿದೆ?"

ಮಗಳು ಆಟದ ಸೆಟ್ಟಿಂಗಿಗೆ ಹೋಗಿ ವಿ-ಸಿಂಕ್ ಎಂಬುದನ್ನು ಆನ್ ಮಾಡಿದಳು. ಕಂಬ ಕೂಡಿಕೊಂಡಿತು. ಅಪ್ಪ ಖುಷಿಯಿಂದ ಎರಡು ಸುತ್ತು ಹೊಡೆದರು. ಮೂರನೆಯದರಲ್ಲಿ ಕೆಂಪು ದೀಪ ದಾಟಿ ನಿಂತರು.

"ಬ್ರೇಕ್ ತಡವಾಗಿ ಹಿಡೀತಿದೆಯಲ್ಲ ಇದು."

"ಅದು ಹಾಗೇ ಅಪ್ಪಾ. ಕಂಪ್ಯೂಟರ್ ಒಂದಾದ ಮೇಲೊಂದು ಚಿತ್ರ ಮಾಡಿ ಪರದೆಗೆ ಕಳಿಸ್ತಾ ಇರುತ್ತೆ. ಒಂದನ್ನ ತೋರಿಸಿ ಮುಗಿಯೋ ಮೊದಲೇ ಇನ್ನೊಂದನ್ನ ತುರುಕಿದ್ರೆ ಅರ್ಧ ಅದು, ಅರ್ಧ ಇದು ಕಾಣುತ್ತೆ. ಈ ವಿ-ಸಿಂಕ್ ನಿಮ್ಮ ಕಂಡಕ್ಟರ್ ಇದ್ದ ಹಾಗೆ. ಎಲ್ಲರೂ ಹತ್ತೋ ತನಕ ಸೀಟಿ ಊದಲ್ಲ. ಚಿತ್ರ ಹರಿಯಲ್ಲ, ಆದ್ರೆ ಕಾಯಬೇಕು. ಅದರಲ್ಲಿ ನಿಮ್ಮ ಬ್ರೇಕೂ ಒಂಚೂರು ಕಾಯುತ್ತೆ."

ಅಪ್ಪನ ಮುಖ ಅರಳಿತು. ಎಷ್ಟೋ ವಾರಗಳಿಂದ ಆ ಮುಖ ಹಾಗೆ ಅರಳಿರಲಿಲ್ಲ. "ಅಂದ್ರೆ ತಡ ಮಾಡ್ತಿರೋದು ನಾನಲ್ಲ, ಮೆಷಿನ್ನು" ಎಂದರು. ಆ ಒಂಚೂರು ಎನ್ನುವುದು ರೆಪ್ಪೆ ಬಡಿಯುವಷ್ಟೂ ಇರುವುದಿಲ್ಲ, ಬಸ್ಸೊಂದು ಸಿಗ್ನಲ್ಲಿನ ಗೆರೆ ದಾಟಿ ಹೋಗುವಷ್ಟಂತೂ ಅಲ್ಲವೇ ಅಲ್ಲ ಎಂದು ಮಗಳು ಆಗಲೇ ಹೇಳಬೇಕಿತ್ತು. ಅರಳಿದ ಮುಖ ನೋಡಿ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು.

"ಆ ಕಂಡಕ್ಟರನ್ನ ಇಳಿಸಿಬಿಡು" ಎಂದರು ಅಪ್ಪ.

ಇಳಿಸಿದಳು. ಊರು ಮತ್ತೆ ಹರಿಯಿತು, ಬಸ್ಸು ಮತ್ತೆ ಗೆರೆ ದಾಟಿತು. ಹರಿದ ಚಿತ್ರ ನೋಡಿ ಕಣ್ಣು ತಬ್ಬಿಬ್ಬಾಗುತ್ತದೆ, ಅದಕ್ಕೇ ಕಾಲು ತಡವರಿಸುತ್ತದೆ ಎಂದರು. ಅದೂ ಇರಬಹುದು ಎಂದುಕೊಂಡು ಅವಳು ಆನ್ ಮಾಡಿದಳು. ಆನ್ ಇದ್ದರೆ ಬ್ರೇಕಿನ ದೂರು, ಆಫ್ ಇದ್ದರೆ ಕಣ್ಣಿನ ದೂರು. ಹೀಗೇ ಆನು ಆಫು, ಆಫು ಆನು. ಕೊನೆಗೆ ಬೇಸತ್ತು, ಅಂಗಡಿಗೆ ಮಾರಾಟಕ್ಕೆಂದು ಬಂದಿದ್ದ ಒಳ್ಳೆಯ ಮಾನಿಟರೊಂದನ್ನು ಹೊತ್ತು ತಂದಳು. ಕಂಪ್ಯೂಟರ್ ಚಿತ್ರ ಕೊಟ್ಟ ಗಳಿಗೆಯಲ್ಲೇ ತೋರಿಸುವ ಜಾತಿಯದು. ಅದಕ್ಕೆ ವಿ-ಸಿಂಕ್ ಬೇಕಾಗಿಲ್ಲ. ಚಿತ್ರ ಹರಿಯುವುದೂ ಇಲ್ಲ, ಬ್ರೇಕು ಕಾಯುವುದೂ ಇಲ್ಲ. ವಿ-ಸಿಂಕ್ ಆಫ್ ಮಾಡಿ ಮೊದಲು ತಾನೇ ಕೂತು ನೋಡಿದಳು. ಹುಟ್ಟಿದಾಗಿನಿಂದ ಬಸ್ಸು ಓಡಿಸದ ಅವಳ ಬಸ್ಸು ಪ್ರತಿ ಸಲವೂ ಗೆರೆಗಿಂತ ಹಿಂದೆಯೇ ನಿಂತಿತು. ಆಮೇಲೆ ಅಪ್ಪ ಕೂತರು. ಪ್ರತಿ ಸಲವೂ ಗೆರೆ ದಾಟಿತು.

ಅಂಗಡಿಯಲ್ಲಿ ಇಂಥ ತಡ ಎಲ್ಲಿ ಆಗುತ್ತಿದೆ ಎಂದು ಕಂಡುಹಿಡಿಯಲು ಅವಳದೊಂದು ಉಪಾಯವಿತ್ತು. ಒತ್ತುವ ಬೆರಳು, ಪರದೆ ಎರಡೂ ಕಾಣುವ ಹಾಗೆ ಫೋನಿನಲ್ಲಿ ವಿಡಿಯೊ ಹಿಡಿದು ನಿಧಾನವಾಗಿ ಓಡಿಸಿ ನೋಡುವುದು. ಮರುದಿನ ಅಪ್ಪ ಆಡುವಾಗ ಅವರ ಕಾಲನ್ನೂ ಪರದೆಯನ್ನೂ ಸೇರಿಸಿ ಹಿಡಿದಳು. ಅಂಗಡಿಯ ಶಟರ್ ಅರ್ಧ ಇಳಿಸಿ ಕೂತು ನೋಡಿದಳು. ದೀಪ ಕೆಂಪಾಯಿತು. ಕಾಲು ಹಾಗೇ ಇತ್ತು. ಇನ್ನೂ ಹಾಗೇ ಇತ್ತು. ಒತ್ತಪ್ಪಾ, ಒತ್ತು ಎಂದು ಅವಳು ಫೋನಿಗೆ ಹೇಳಿದಳು. ಬಹಳ ಹೊತ್ತಿನ ಮೇಲೆ ಹಿಮ್ಮಡಿ ಅಲುಗಿತು, ಪಾದ ಎದ್ದಿತು, ಪೆಡಲಿಗೆ ಬಂತು. ಪೆಡಲು ಒತ್ತಿದ್ದೇ ತಡ, ಬಸ್ಸು ಹೇಳಿದ ಮಾತು ಕೇಳಿತ್ತು. ಮೆಷಿನ್ನಿನಲ್ಲಿ ತಪ್ಪು ಹುಡುಕಿ ಹೊಟ್ಟೆ ಹೊರೆಯುವ ಹೆಣ್ಣು ಅವಳು. ಮೆಷಿನ್ನಿನಲ್ಲಿ ತಪ್ಪಿಲ್ಲವೆಂದು ಅವತ್ತು ಅತ್ತಷ್ಟು ಎಂದೂ ಅತ್ತಿರಲಿಲ್ಲ.

ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಂಡೇ ಮನೆಗೆ ಬಂದಳು. ಅಪ್ಪ ಪರದೆಯ ಮುಂದೆ ಕೂತಿದ್ದರು.

"ಮಗಳೇ, ಈ ಹೊಸದರಲ್ಲಿ ಚಿತ್ರ ಎಲ್ಲೂ ಹರೀತಾ ಇಲ್ಲ. ಹರೀತಿಲ್ಲ ಅಂದ್ರೆ ಆ ಸಿಂಕು ಆನ್ ಇದೆ ಅಂತ ತಾನೇ? ಅದಕ್ಕೇ ಬ್ರೇಕ್ ತಡ ಆಗ್ತಿದೆ."

ಅವಳೇ ಹೇಳಿಕೊಟ್ಟ ಪಾಠ. ಅಪ್ಪ ಚೆನ್ನಾಗಿಯೇ ಕಲಿತಿದ್ದರು.

"ಹೌದಪ್ಪಾ" ಎಂದಳು. "ಅದೇ ಆನ್ ಆಗಿಬಿಟ್ಟಿರಬೇಕು. ನೋಡ್ತೀನಿ."

ಸೆಟ್ಟಿಂಗ್ ತೆರೆದು, ಮೌಸನ್ನು ಅತ್ತಿತ್ತ ಆಡಿಸಿ, ಏನನ್ನೂ ಮುಟ್ಟದೆ ಮುಚ್ಚಿದಳು. ಅಪ್ಪ ಓಡಿಸಿ ನೋಡಿ, "ಈಗ ಪರವಾಗಿಲ್ಲ" ಎಂದರು. ಏನೂ ಸರಿಹೋಗಿರಲಿಲ್ಲ, ಬಸ್ಸು ಪಟ್ಟೆಯ ಮೇಲೇ ನಿಂತಿತ್ತು. ಅಂದಿನಿಂದ ಅದೇ ದಿನಚರಿಯಾಯಿತು. ಅವಳು ಅಂಗಡಿಯಿಂದ ಬಂದ ತಕ್ಷಣ ಅಪ್ಪ ಕುರ್ಚಿ ಬಿಟ್ಟು ಎದ್ದು, "ಮತ್ತೆ ಅದೇ ಕಾಟ, ಸ್ವಲ್ಪ ನೋಡು" ಎನ್ನುವುದು, ಅವಳು ಕೂತು ಸುಮ್ಮನೆ ಮೌಸ್ ಆಡಿಸುವುದು.

ಒಂದು ದಿನ ಬಟ್ಟೆ ಮಡಿಸುತ್ತಾ ಕೂತಿದ್ದ ಅಮ್ಮ ತಲೆ ಎತ್ತದೆ ಕೇಳಿದಳು, "ಅದು ಮೆಷಿನ್ನಿನ ತೊಂದರೆ ಅಲ್ಲ, ಅಲ್ವಾ?"

"ಅಲ್ಲ."

"ಮೊನ್ನೆ ಲೋಟ ಜಾರಿದಾಗಲೂ ಹಾಗೇ. ಬಿದ್ದು ಒಡೆದ ಮೇಲೆ ಕೈ ಚಾಚಿದ್ರು. ನೀನೇ ಹೇಳಿಬಿಡು. ನಿನ್ನ ಮಾತಾದ್ರೆ ಕೇಳ್ತಾರೆ."

"ನೀನು ಹೇಳಮ್ಮ."

"ನನ್ನಿಂದ ಆಗಲ್ಲ ಕಣೆ."

ಇಬ್ಬರೂ ಹೇಳಲಿಲ್ಲ. ಅಪ್ಪ ಪಾಸಾಗಲಿ ಎಂದು ಬೇಡಿಕೊಳ್ಳಲು ಹೋದರೆ ಚೀಲ ಬಿಟ್ಟು ಹಾರಿದ ಆ ಹುಡುಗಿ ಮಗಳ ಕಣ್ಣ ಮುಂದೆ ಬರುತ್ತಿದ್ದಳು. ಫೇಲಾಗಲಿ ಎಂದು ಬೇಡಿಕೊಳ್ಳಲು ಯಾವ ಮಗಳಿಗೆ ಬಾಯಿ ಬರುತ್ತದೆ? ಅವಳು ಏನನ್ನೂ ಬೇಡಿಕೊಳ್ಳದೆ ಪರೀಕ್ಷೆಯ ದಿನ ಅಪ್ಪನ ಜೊತೆ ಹೊರಟಳು.

ಅಪ್ಪ ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿದ್ದರು. ಪರೀಕ್ಷೆಯ ಕೋಣೆಯ ಬಾಗಿಲು ತೆರೆದೇ ಇತ್ತು, ಹೊರಗಿನ ಬೆಂಚಿನಿಂದ ಮಗಳಿಗೆ ಎಲ್ಲವೂ ಕಾಣುತ್ತಿತ್ತು. ಒಂದು ಕುರ್ಚಿ, ನೆಲದ ಮೇಲೊಂದು ಪೆಡಲು, ಎದುರಿನ ಹಲಗೆಯ ಮೇಲೊಂದು ಬಲ್ಬು, ಪಕ್ಕದಲ್ಲಿ ತಡವನ್ನು ಅಳೆಯುವ ಗಡಿಯಾರ. ಬಲ್ಬು ಹತ್ತಿದ ಕೂಡಲೇ ಪೆಡಲು ಒತ್ತಬೇಕು. ಕನ್ನಡಕದ ಡಾಕ್ಟರಮ್ಮ ಸ್ವಿಚ್ಚು ಹಾಕಿದರು. ಬಲ್ಬು ಹತ್ತಿತು. ಹೊರಗೆ ಬೆಂಚಿನ ಮೇಲೆ ಮಗಳ ಕಾಲು ತಾನಾಗಿಯೇ ನೆಲ ಒತ್ತಿತು. ಆಮೇಲೆ ಅಪ್ಪನದು ಒತ್ತಿತು.

ಡಾಕ್ಟರಮ್ಮ ಸಾವಧಾನದವರು. ಮತ್ತೆ ಮತ್ತೆ ಅವಕಾಶ ಕೊಟ್ಟರು. ಕೊನೆಗೆ ಪೆನ್ನು ಕೆಳಗಿಟ್ಟು ಕನ್ನಡಕ ತೆಗೆದರು.

ಅಪ್ಪನಿಗೆ ಗಾಬರಿಯೇನೂ ಆಗಿರಲಿಲ್ಲ. "ಡಾಕ್ಟ್ರೇ, ತಪ್ಪು ತಿಳೀಬೇಡಿ, ನಿಮ್ಮ ಮೆಷಿನ್ನಲ್ಲೂ ಆ ಸಿಂಕು ಆನ್ ಇರೋ ಹಾಗಿದೆ. ಅದಿದ್ರೆ ಪೆಡಲ್ ತಡವಾಗಿ ಹಿಡಿಯುತ್ತೆ. ನಮ್ಮನೇಲೂ ಇದೇ ಕಾಟ. ನನ್ನ ಮಗಳಿಗೆ ಗೊತ್ತು, ಒಂದು ನಿಮಿಷದಲ್ಲಿ ಸರಿ ಮಾಡ್ತಾಳೆ" ಎಂದು ಬಾಗಿಲ ಕಡೆ ತಿರುಗಿ ಹೆಮ್ಮೆಯಿಂದ ಕೈ ಬೀಸಿ ಕರೆದರು.

ಮಗಳು ಒಳಗೆ ಬಂದಳು. ಡಾಕ್ಟರಮ್ಮ ಏನೂ ಅರ್ಥವಾಗದೆ ಅವಳ ಮುಖ ನೋಡಿದರು. ಅಪ್ಪ ಅವಳಿಗೆ ಜಾಗ ಮಾಡಿಕೊಡಲು ಕುರ್ಚಿಯಲ್ಲೇ ಪಕ್ಕಕ್ಕೆ ಸರಿದರು. ಅವಳು ಹಲಗೆಯನ್ನು ನೋಡಿದಳು. ಬಲ್ಬು, ಅದಕ್ಕೆ ಎರಡು ವೈರು. ಆಡಿಸಲು ಮೌಸ್ ಕೂಡ ಇರಲಿಲ್ಲ.

"ಅಪ್ಪಾ, ಇದು ಬರೀ ಬಲ್ಬು" ಎಂದಳು. "ಇದರಲ್ಲಿ ಅದೆಲ್ಲ ಇರಲ್ಲ."

ಅಪ್ಪ ಬಲ್ಬನ್ನು ನೋಡಿದರು. ಆಮೇಲೆ ತಮ್ಮ ಕಾಲನ್ನು ನೋಡಿಕೊಂಡರು. ಬೇರೆಯವರ ವಿಷಯ ವಿಚಾರಿಸುವವರ ಹಾಗೆ ಮೆಲ್ಲಗೆ ಕೇಳಿದರು, "ಮನೇಲಿ?"

"ಆಫ್ ಇದೆ ಅಪ್ಪಾ."

"ಯಾವಾಗಿಂದ?"

"ಹೊಸ ಮಾನಿಟರ್ ತಂದಾಗಿಂದ."

ಅಪ್ಪ ಪೆಡಲಿನ ಮೇಲಿನಿಂದ ಕಾಲು ತೆಗೆದು ಕುರ್ಚಿಯ ಕೆಳಗೆ ಹಿಂದಕ್ಕೆ ಎಳೆದುಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು.

"ಮತ್ತೆ ದಿನಾ ಬಂದು ಕೂತು ಏನು ಸರಿ ಮಾಡ್ತಿದ್ದೆ ಮಗಳೇ?"