ಬೆನ್ನು ತಿರುಗಿಸುವ ವಾರ

ಸೋಮವಾರ ಬೆಳಿಗ್ಗೆ ಲಾಂಡ್ರಿಯ ಷಟರ್ ಅರ್ಧ ಏರುವುದರೊಳಗೆ ಕೋಚ್ ಬಗ್ಗಿಕೊಂಡು ಒಳಗೆ ನುಸುಳಿದ್ದ. ಕೊರಳಲ್ಲಿ ಸೀಟಿ, ಕಂಕುಳಲ್ಲಿ ಕೆಸರು ಮೆತ್ತಿದ ಟ್ರ್ಯಾಕ್ ಪ್ಯಾಂಟು. ಪ್ಯಾಂಟು ಬರೀ ನೆಪವೆಂದು ಅಂಗಡಿಯವಳಿಗೆ ಅವನು ನಿಂತ ರೀತಿ ಕಂಡೊಡನೆ ತಿಳಿಯಿತು. ಒಗೆಯಲು ಕೊಡುವವರು ಬಟ್ಟೆಯನ್ನು ಕೌಂಟರಿನ ಮೇಲೆ ಎಸೆಯುತ್ತಾರೆ. ಮಾತಾಡಲು ಬಂದವರು ಮಗುವಿನ ಹಾಗೆ ಅಪ್ಪಿಕೊಂಡು ನಿಲ್ಲುತ್ತಾರೆ.

"ಅಕ್ಕಾ, ಒಂದು ಮಾತು. ಮೊದ್ಲು ಆ ಇಸ್ತ್ರಿಪೆಟ್ಟಿಗೆ ಕೆಳಗಿಡಿ."

"ಅದು ನನ್ನ ಕೈಲೇ ಇರ್ಲಿ. ನೀವು ಹೇಳಿ."

"ಭಾನುವಾರ ಗೋಲಿ ಗೆಲ್ಲುತ್ತೆ. ನಿಮ್ಮ ದೊಡ್ಡ ಮಗಳು ಗೆಲ್ಲಲ್ಲ."

ಗೋಲಿ ಅಂಗಡಿಯವಳ ಮನೆಯ ನಾಯಿ. ಕಂದು ಬಣ್ಣ, ತೆಳ್ಳನೆಯ ಸೊಂಟ, ಕಿವಿಯೊಂದು ಸದಾ ಮಡಚಿಕೊಂಡೇ ಇರುತ್ತಿತ್ತು. ಮರಿಯಾಗಿದ್ದಾಗ ಯಾರೋ ರಟ್ಟಿನ ಡಬ್ಬದಲ್ಲಿಟ್ಟು ಲಾಂಡ್ರಿಯ ಬಾಗಿಲಲ್ಲಿ ಬಿಟ್ಟುಹೋಗಿದ್ದರು. ದೊಡ್ಡ ಮಗಳು ಅದಕ್ಕೆ ಹತ್ತಿಯ ಬತ್ತಿಯಲ್ಲಿ ಹಾಲು ಕುಡಿಸಿ, ಹೆಸರಿಟ್ಟು, ಸಾಕಿ, ಮೈದಾನಕ್ಕೆ ಕರೆದೊಯ್ದು ಆಟ ಕಲಿಸಿದ್ದಳು. ಅಡ್ಡಗೋಲು ಹಾರುವುದು, ಟನಲ್ಲಿನೊಳಗೆ ನುಗ್ಗಿ ಆಚೆ ಬರುವುದು, ಕಂಬಗಳ ಸಾಲಿನಲ್ಲಿ ಹಾವಿನಂತೆ ಹೆಣೆದುಕೊಂಡು ಓಡುವುದು, ಇದೇ ಆಟ. ನಾಯಿಯ ಜೊತೆಗೆ ಮನುಷ್ಯನೂ ಓಡಬೇಕು. ಯಾವ ಕಡೆಗೆ ತಿರುಗಬೇಕೆಂದು ನಾಯಿ ತಿಳಿಯುವುದು ಮನುಷ್ಯನ ಭುಜ ನೋಡಿ. ಮನುಷ್ಯ ಹಿಂದೆ ಬಿದ್ದರೆ ನಾಯಿ ನಿಂತು, ತಿರುಗಿ, ಕಾಯುತ್ತದೆ. ದೊಡ್ಡವಳು ಸ್ವಲ್ಪ ದಪ್ಪ, ಪಾದ ಚಪ್ಪಟೆ. ಗೋಲಿ ಅವಳಿಗಾಗಿ ಪ್ರತಿ ತಿರುವಿನಲ್ಲೂ ಕಾಯುತ್ತಿತ್ತು. ತಪ್ಪಿಲ್ಲದೆ ಓಡಿಯೂ ಅವರಿಬ್ಬರು ಕೊನೆಯವರಾಗುತ್ತಿದ್ದುದು ಹೀಗೆ.

"ನಾಯಿಗೆ ರೆಕ್ಕೆ ಇದೆ ಅಕ್ಕಾ. ದೊಡ್ಡವಳು ಅದರ ಕಾಲಿಗೆ ಕಟ್ಟಿದ ಗುಂಡುಕಲ್ಲು. ಚಿಕ್ಕವಳ ಕೈಗೆ ಕೊಡಿ, ಕಣ್ಮುಚ್ಚಿ ತೆಗೆಯೋದ್ರೊಳಗೆ ಮುಗಿಸ್ತಾಳೆ."

"ಗೋಲಿ ಚಿಕ್ಕವಳ ಮಾತು ಎಲ್ಲಿ ಕೇಳುತ್ತೆ?"

"ಕೇಳೋ ಹಾಗೆ ಮಾಡೋಣ." ಕೋಚ್ ಕೌಂಟರಿನ ಮೇಲೆ ಮೊಣಕೈಯೂರಿದ. "ನಾಯಿ ಯಾರಿಗೆ ಅಂಟಿಕೊಂಡಿದೆಯೋ ಅವರು ಒಂದು ವಾರ ಅದಕ್ಕೆ ಬೆನ್ನು ಹಾಕ್ಬೇಕು. ಕಣ್ಣು ಕೊಡೋ ಹಾಗಿಲ್ಲ, ಮಾತು ಕೊಡೋ ಹಾಗಿಲ್ಲ, ಊಟ ಹಾಕೋ ಹಾಗಿಲ್ಲ. ಹತ್ರ ಬಂತಾ, ಬೆನ್ನು. ಕುಂಯ್ ಅಂತಾ, ಬೆನ್ನು. ಎಲ್ಲಾ ಚಿಕ್ಕವಳ ಕೈಯಿಂದ್ಲೇ ಸಿಗ್ಲಿ. ಶನಿವಾರದ ಹೊತ್ತಿಗೆ ಅದು ಹೊಸ ಮನೆಗೆ ಬಂದ ಅಳಿಯನ ಥರ ಆಗಿರುತ್ತೆ, ಬಡಿಸೋರು ಯಾರೋ ಅವರ ಮುಖಾನೇ ನೋಡ್ತಾ."

"ದೊಡ್ಡವಳು ಒಪ್ತಾಳಾ?"

"ಒಪ್ಪಿಸೋದು ತಾಯಿ ಕೆಲ್ಸ. ನನ್ನದು ನಾಯಿ ಕೆಲ್ಸ."

ಅಂಗಡಿಯವಳು ಪರರ ಕಾಲರಿನ ಮೇಲೆ ಹಬೆ ಹಾಯಿಸುತ್ತ ನಿಂತಳು. ಕಳೆದ ಪಂದ್ಯದ ದಿನ ಬಡಾವಣೆಯ ಸೇವಾ ಸಂಘದ ಅಧ್ಯಕ್ಷೆ ಎಲ್ಲರೆದುರು ನಕ್ಕು ಆಡಿದ ಮಾತು ಅವಳ ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು: "ನಿಮ್ಮ ಮಗಳು ಸ್ಪರ್ಧೆಗೆ ಬಂದಿದ್ಲೋ, ನಾಯಿ ತಿರುಗಾಡ್ಸೋಕೆ ಬಂದಿದ್ಲೋ ಗೊತ್ತೇ ಆಗ್ಲಿಲ್ಲ ನೋಡಿ!" ಗೆದ್ದದ್ದು ಅಧ್ಯಕ್ಷೆಯ ಮಗ, ಎಂದಿನಂತೆ. ಹಗಲಿಡೀ ಊರವರ ಕೊಳೆ ತೆಗೆದು ರಾತ್ರಿ ಮನೆಯವರ ಕೊಳೆ ತೆಗೆಯುವ ಹೆಂಗಸಿಗೆ ಬದುಕಿನಲ್ಲಿ ಒಂದೇ ಒಂದು ಸಲ ಮೊದಲು ಬರುವ ಆಸೆಯಾದರೆ ಅದು ತಪ್ಪೇ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಉತ್ತರಕ್ಕೆ ಕಾಯಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ; ಓಡಲಾರದ ಹೆಗ್ಗಣದ ವಿಷಯ ಗಾದೆ ಕಟ್ಟಿದವರಿಗೆ ಹೊಳೆದಿರಲಿಲ್ಲ.

ಅಂದು ರಾತ್ರಿ ಊಟಕ್ಕೆ ಕೂತಾಗ ಅವಳು ಸುಳ್ಳನ್ನು ಇಸ್ತ್ರಿ ಮಾಡಿದ ಅಂಗಿಯಷ್ಟು ನೀಟಾಗಿ ಮಡಿಸಿ ಮಗಳ ಮುಂದಿಟ್ಟಳು.

"ಕೋಚ್ ಒಂದು ಉಪಾಯ ಹೇಳಿದಾರೆ ಕಣೆ. ಗೋಲಿಗೆ ನಿನ್ನ ಮೇಲೆ ಹಸಿವು ಹುಟ್ಬೇಕಂತೆ. ವಾರ ಪೂರ್ತಿ ನೀನು ಅದಕ್ಕೆ ಬೆನ್ನು ತಿರುಗಿಸಿದ್ರೆ, ಭಾನುವಾರ ನಿನ್ನ ಹಿಂದೆ ಬಿಟ್ಟ ಬಾಣ ಬಂದ ಹಾಗೆ ಬರುತ್ತಂತೆ."

"ಮುಟ್ಟಲೂ ಬಾರ್ದಾ?"

"ನೋಡಲೂ ಬಾರ್ದು."

ದೊಡ್ಡವಳು ಮೇಜಿನ ಕೆಳಗೆ ತನ್ನ ಪಾದದ ಮೇಲೆ ಗಲ್ಲವಿಟ್ಟು ಮಲಗಿದ್ದ ನಾಯಿಯ ಕಡೆ ಬಗ್ಗಿ ನೋಡಿದಳು. ಆಮೇಲೆ ಕಾಲನ್ನು ಮೆಲ್ಲನೆ ಎಳೆದುಕೊಂಡು, ತಟ್ಟೆ ಎತ್ತಿಕೊಂಡು, ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಕೂತಳು.

"ಹೀಗಾ ಅಮ್ಮಾ?"

"ಹೂಂ. ಹಾಗೇ."

ಚಿಕ್ಕವಳು ಅನ್ನದಲ್ಲಿ ಬೆರಳಾಡಿಸುತ್ತ ತಲೆ ತಗ್ಗಿಸಿದ್ದಳು. ಅವಳಿಗೆ ನಿಜ ಗೊತ್ತಿತ್ತು. ಅಮ್ಮ ಬಚ್ಚಲಿನಲ್ಲಿ ಅವಳ ತಲೆ ತೊಳೆಯುವಾಗಲೇ ಹೇಳಿ, ಕಣ್ಣಿಗೆ ಸೋಪು ಹೋಗಿದ್ದಾಗಲೇ ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿಸಿಕೊಂಡಿದ್ದಳು.

ಇನ್ನು ಮೈದಾನದಲ್ಲಿ ಚಿಕ್ಕವಳು ನಾಯಿಯ ಜೊತೆ ಓಡುವುದು ದೊಡ್ಡವಳ ಕಣ್ಣಿಗೆ ಬೀಳಬಾರದು. ಅದಕ್ಕೂ ದಾರಿಯಿತ್ತು. ಪಂದ್ಯ ನಡೆಸುವ ಸೇವಾ ಸಂಘದವರಿಗೆ ಅದು ವರ್ಷದ ದೊಡ್ಡ ವಾರ. ಎಲ್ಲಿ ನೋಡಿದರೂ ಕೈಗಳ ಕೊರತೆ. ತಾಯಿ ಮಗಳ ಕೈಗಳನ್ನು ಧಾರಾಳವಾಗಿ ದಾನ ಮಾಡಿದಳು. ಶಾಲೆ ಬಿಟ್ಟೊಡನೆ ದೊಡ್ಡವಳು ಸೈಕಲ್ಲಿನ ಹಿಂದೆ ಇಸ್ತ್ರಿ ಬಟ್ಟೆಯ ಕಟ್ಟು ಹೇರಿಕೊಂಡು ಮನೆಮನೆಗೆ ಮುಟ್ಟಿಸುವಳು. ಅಲ್ಲಿಂದ ಹಾಸಿಗೆ ಹಿಡಿದವರಿಗೆ ಊಟ ಕಳಿಸುವ ಅಡುಗೆಮನೆಗೆ ಹೋಗಿ ತಳ ಹಿಡಿದ ಪಾತ್ರೆಗಳನ್ನು ಉಜ್ಜುವಳು. ಒಂದು ದಿನ ಆಸ್ಪತ್ರೆಯ ಪುಸ್ತಕದ ಗಾಡಿ ತಳ್ಳಿದಳು, ಇನ್ನೊಂದು ದಿನ ಹಳೇ ಬಟ್ಟೆಗಳಿಗೆ ಗುಂಡಿ ಹೊಲಿದಳು, ಮತ್ತೊಂದು ದಿನ ಅದೇ ಪಂದ್ಯದ ಅಡ್ಡಗೋಲುಗಳಿಗೆ ಯಾರದೋ ಷೆಡ್ಡಿನಲ್ಲಿ ಕೂತು ಕೆಂಪು ಬಿಳಿ ಬಣ್ಣ ಬಳಿದಳು. "ಎಂಥಾ ಮಗಳನ್ನ ಹೆತ್ತಿದೀರಿ!" ಎಂದು ಅಡುಗೆಮನೆಯ ಹೆಂಗಸರು ತಾಯಿಗೆ ಫೋನು ಮಾಡಿ ಹೊಗಳಿದರು. ತಾಯಿ ಹೊಗಳಿಕೆಯನ್ನೂ ಇಟ್ಟುಕೊಂಡಳು.

ಬೆನ್ನು ತಿರುಗಿಸುವ ಕೆಲಸವನ್ನು ದೊಡ್ಡವಳು ಮಾಡಿದ ಶ್ರದ್ಧೆ ನೋಡಿದ್ದರೆ ಕೋಚ್ ಸೀಟಿ ಬಿಚ್ಚಿ ಅವಳ ಕೊರಳಿಗೆ ಹಾಕುತ್ತಿದ್ದ. ಅವಳು ಬಾಗಿಲು ತೆರೆದರೆ ಗೋಲಿ ಇಡೀ ಮೈಯನ್ನೇ ಬಾಲ ಮಾಡಿಕೊಂಡು ಎದುರು ಬರುತ್ತಿತ್ತು. ಅವಳು ಬಾಗಿಲಿನ ಕಡೆಗೇ ತಿರುಗಿ, ಮರದ ಗೆರೆಗಳನ್ನು ದಿಟ್ಟಿಸುತ್ತ, ಅದು ಸುಮ್ಮನಾಗುವವರೆಗೂ ನಿಲ್ಲುವಳು. ಗೋಲಿ ಈ ಕಡೆಯಿಂದ ಸುತ್ತಿ ಬಂದರೆ ಆ ಕಡೆ. ಆ ಕಡೆಯಿಂದ ಬಂದರೆ ಈ ಕಡೆ. ನಾಯಿ ಇದು ಹೊಸ ಆಟವೆಂದುಕೊಂಡು ಕುಣಿಯಿತು. ಆಟವಲ್ಲವೆಂದು ತಿಳಿದು ಕೂತಿತು. ಕೊನೆಗೆ ಅವಳದೇ ಒಂದು ಕಾಲುಚೀಲ ಕಚ್ಚಿ ತಂದು ಅವಳ ಹಿಮ್ಮಡಿಯ ಹತ್ತಿರ ಇಟ್ಟು ಕಾಯಿತು. ಅವಳು ಗೋಡೆ ನೋಡುತ್ತಲೇ ಕಾಲಿನಿಂದ ಕಾಲುಚೀಲವನ್ನು ಹಿಂದಕ್ಕೆ ತಳ್ಳಿದಳು.

ಅಪ್ಪ ರಾತ್ರಿ ಬಸ್ಸು ಓಡಿಸುವವನು. ಮನೆ ಅವನಿಗೆ ಅರೆಗಣ್ಣಿನಲ್ಲಿ ಮಾತ್ರ ಕಾಣುತ್ತಿತ್ತು. ಒಂದು ಸಂಜೆ ಷರ್ಟಿನ ಗುಂಡಿ ಹಾಕಿಕೊಳ್ಳುತ್ತ ಅವನು ಹೆಂಡತಿಯನ್ನು ಕೇಳಿದ:

"ಆ ಮಗು ಯಾಕೆ ಗೋಡೆ ನೋಡ್ಕೊಂಡು ತಿಂತಿದೆ? ಏನಾದ್ರೂ ಶಿಕ್ಷೆ ಕೊಟ್ಟಿದೀಯಾ?"

"ಶಿಕ್ಷೆ ಏನಿಲ್ಲ. ಅಭ್ಯಾಸ."

"ಯಾತರ ಅಭ್ಯಾಸ?"

"ನಿಮಗೆ ಬಸ್ಸು ತಪ್ಪತ್ತೆ, ಹೊರಡಿ."

"ಬಸ್ಸು ಓಡ್ಸೋನು ನಾನೇ ಕಣೆ, ಅದು ಹೇಗೆ ತಪ್ಪತ್ತೆ?" ಎಂದು ನಕ್ಕು ಅವನು ಹೊರಟುಹೋದ. ನಕ್ಕವನು ಮತ್ತೆ ಕೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಗುರುವಾರ ದೊಡ್ಡವಳು ಮನೆಗೆ ಬಂದಾಗ ಕೈಬೆರಳುಗಳು ಪಾತ್ರೆ ಉಜ್ಜಿ ಸುಕ್ಕುಗಟ್ಟಿದ್ದವು. ಬಾಗಿಲು ತೆರೆದು, ರೂಢಿಯಂತೆ ತಿರುಗಿ ನಿಂತಳು. ಹಿಂದಿನಿಂದ ಯಾವ ಸದ್ದೂ ಬರಲಿಲ್ಲ. ಒಳಗಿನ ಕೋಣೆಯಲ್ಲಿ ಚಿಕ್ಕವಳು ಏನೋ ಪಿಸುಗುಡುತ್ತಿದ್ದಳು, ಬಾಲ ನೆಲಕ್ಕೆ ಪಟಪಟ ಬಡಿಯುತ್ತಿತ್ತು. ದೊಡ್ಡವಳು ಅಡುಗೆಮನೆಗೆ ಓಡಿಬಂದಳು. ಮುಖ ಊರಗಲವಾಗಿತ್ತು.

"ಅಮ್ಮಾ! ಇವತ್ತು ಗೋಲಿ ಬಾಗಿಲಿಗೆ ಬರ್ಲೇ ಇಲ್ಲ! ಉಪಾಯ ಕೆಲ್ಸ ಮಾಡ್ತಿದೆ ಅಲ್ವಾ?"

ತಾಯಿ ಒಲೆಯ ಉರಿ ತಗ್ಗಿಸಿದಳು. "ಮಾಡ್ತಿದೆ" ಎಂದಳು.

"ಪಾಪ, ಅದಕ್ಕೆ ನನ್ನ ಮೇಲೆ ಎಷ್ಟು ಸಿಟ್ಟು ಬಂದಿರ್ಬೇಕು! ಭಾನುವಾರ ಓಟ ಮುಗಿದ ಮೇಲೆ ಕ್ಷಮಿಸು ಅಂತ ಕೇಳ್ತೀನಿ."

ಉಳಿದದ್ದು ಒಂದೇ ತೊಡಕು. ಓಡುವವಳು ನೀನಲ್ಲ ಎಂದು ಮಗಳಿಗೆ ಹೇಳುವವರು ಯಾರು? ಶುಕ್ರವಾರ ಅಧ್ಯಕ್ಷೆ ಸೀರೆಗಳ ಗಂಟು ತಂದಾಗ, ಅಡ್ಡಗೋಲಿನ ಕುರ್ಚಿಗೆ ಜನ ಸಿಗುತ್ತಿಲ್ಲವೆಂದು ಗೊಣಗಿದಳು. ನಾಯಿ ಬೀಳಿಸಿದ ಕೋಲನ್ನು ಎತ್ತಿ ಮತ್ತೆ ಕೊಕ್ಕೆಗಿಡಲು ಕಣದೊಳಗೇ ಕುರ್ಚಿ ಹಾಕಿಕೊಂಡು ಕೂರುವ ಕೆಲಸ ಅದು. ಅಲ್ಲಿ ಕೂತವರು ಆ ಸುತ್ತಿನಲ್ಲಿ ಓಡುವಂತಿಲ್ಲ. ಅದು ಎಲ್ಲರಿಗೂ ಗೊತ್ತಿದ್ದ ನಿಯಮ. ತಾಯಿಯ ಕೈ ಇಸ್ತ್ರಿಯ ಮೇಲೆ ಒಂದು ಗಳಿಗೆ ನಿಂತಿತು.

"ನಮ್ಮ ದೊಡ್ಡವಳನ್ನ ಹಾಕ್ಕೊಳ್ಳಿ."

"ಹಾಗಾದ್ರೆ ಅವಳು ಓಡಲ್ವಾ?"

"ಚಿಕ್ಕವಳು ಓಡ್ತಾಳೆ."

ಅಧ್ಯಕ್ಷೆ ಕನ್ನಡಕದ ಮೇಲಿಂದ ಅವಳನ್ನು ನೋಡಿದಳು. "ಪರ್ವಾಗಿಲ್ಲ, ನೀವೂ ಕಲ್ತ್ಕೊಂಡ್ರಿ" ಎಂದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನಿಯಮವೇ ಮಗಳಿಗೆ ಬೇಡವೆನ್ನುತ್ತದೆ, ತಾಯಿ ಬಾಯಿ ಬಿಡಬೇಕಾಗಿಲ್ಲ.

ಭಾನುವಾರ ಮೈದಾನದಲ್ಲಿ ದೊಡ್ಡವಳು ಜಡೆಯನ್ನು ಬಿಗಿಯಾಗಿ ಸುತ್ತಿ ಕಟ್ಟಿ, ಷೂ ಲೇಸನ್ನು ಎರಡೆರಡು ಗಂಟು ಹಾಕಿ, ಬೇಲಿಯ ಪಕ್ಕ ಕಾಲು ಸಡಿಲ ಮಾಡಿಕೊಳ್ಳುತ್ತಿದ್ದಳು. ಅಧ್ಯಕ್ಷೆ ಬಂದು ಅವಳ ತೋಳಿನ ಮೇಲೆ ಕಿತ್ತಳೆ ಬಣ್ಣದ ತೋಳಿಲ್ಲದ ಜಾಕೆಟ್ ಹಾಕಿದಳು.

"ಕೊನೇ ಕೋಲಿನ ಹತ್ರ ನಿನ್ನ ಕುರ್ಚಿ. ಕೂತ್ಕೊಂಡ್ರೆ ಅಲ್ಲಾಡಬಾರ್ದು, ನಾಯಿಗಳ ಜೊತೆ ಮಾತಾಡಬಾರ್ದು."

"ನಾನು ಓಡೋಳು ಆಂಟಿ."

"ನಿಮ್ಮಮ್ಮನೇ ಅಲ್ವೇನಮ್ಮ ಹೇಳಿದ್ದು?"

ದೊಡ್ಡವಳು ತಾಯಿಯ ಕಡೆ ತಿರುಗಿದಳು. ತಾಯಿಯ ಹಿಂದೆ ಚಿಕ್ಕವಳು ನಿಂತಿದ್ದಳು. ನಾಯಿಯ ಪಟ್ಟಿ ಅವಳ ಕೈಯಲ್ಲಿತ್ತು, ಪಟ್ಟಿಯ ಆ ತುದಿಯಲ್ಲಿ ಗೋಲಿ ಚಿಕ್ಕವಳ ಮುಖವನ್ನೇ ನೋಡುತ್ತಿತ್ತು.

"ಜನ ಕಮ್ಮಿ ಇದ್ರು ಕಣೆ" ಎಂದಳು ತಾಯಿ. "ಸೇವೆ ಅಲ್ವಾ? ಈ ಸಲ ಅವಳು ಓಡ್ಲಿ. ಮುಂದಿನ ಸಲ ನೀನು."

"ಬೆನ್ನು ತಿರುಗಿಸು ಅಂದಿದ್ದು…"

"ಎಲ್ರೂ ನೋಡ್ತಿದಾರೆ. ಜಾಕೆಟ್ ಹಾಕ್ಕೋ."

"ಸೋಮವಾರನೇ ಗೊತ್ತಿತ್ತಾ ಅಮ್ಮಾ?"

ತಾಯಿ, ಅಂಗಡಿಯಲ್ಲಿ ಹ್ಯಾಂಗರಿಗೆ ಅಂಗಿ ತೊಡಿಸುವ ಕೈಚಳಕದಲ್ಲಿ, ಅವಳ ತೋಳುಗಳನ್ನು ಜಾಕೆಟ್ಟಿನೊಳಗೆ ತೂರಿಸಿ ಎದೆಯ ಮೇಲೆ ಜಿಪ್ ಎಳೆದಳು. ಮಗಳು ಹೋಗಿ ಕುರ್ಚಿಯಲ್ಲಿ ಕೂತಳು.

ಸೀಟಿ ಮೊಳಗಿತು. ಚಿಕ್ಕವಳು ಚಿಗರೆಯಂತೆ ಚಿಮ್ಮಿದಳು, ಗೋಲಿ ಅವಳ ಮೊಣಕಾಲಿಗೆ ಹೊಲಿದ ಹಾಗೆ ಹೊರಟಿತು. ಒಂದು ಕೋಲು, ಇನ್ನೊಂದು ಕೋಲು, ಟನಲ್ಲು, ಕಂಬಗಳು. ಕಾಯುವುದಿಲ್ಲ, ತಿರುಗಿ ನೋಡುವುದಿಲ್ಲ. ತಾಯಿ ಬೇಲಿಯ ತಂತಿ ಹಿಡಿದು ನಿಂತಿದ್ದಳು. ಅವಳ ಕಣ್ಣೆಲ್ಲ ಕೊನೆಯ ಕೋಲಿನ ಮೇಲಿತ್ತು. ಅಲ್ಲಿ ನಾಯಿ ದೊಡ್ಡವಳ ಕುರ್ಚಿಯಿಂದ ಕೈಯಳತೆಯಲ್ಲಿ ಹಾಯಬೇಕಿತ್ತು. ಅಲ್ಲಿ ಅದು ನಿಂತುಬಿಟ್ಟರೆ? ಅವಳ ಮಡಿಲಿಗೆ ಮೂತಿ ಇಟ್ಟುಬಿಟ್ಟರೆ?

ದೊಡ್ಡವಳೂ ಅದನ್ನೇ ನೆನೆಯುತ್ತಿದ್ದಳೆಂದು ದೂರದಿಂದಲೇ ಕಾಣುತ್ತಿತ್ತು. ಅವಳು ಅಲ್ಲಾಡಲಿಲ್ಲ, ಕರೆಯಲಿಲ್ಲ; ಆದರೆ ಕೈಗಳು ಮಂಡಿಯ ಮೇಲೆ ಅಂಗಾತ ತೆರೆದುಕೊಂಡಿದ್ದವು. ಈ ಸಲ ಅವಳು ಬೆನ್ನು ತಿರುಗಿಸಿರಲಿಲ್ಲ.

ಗೋಲಿ ಬಂತು. ಅವಳ ಮುಖದ ಮುಂದೆಯೇ ಹಾರಿತು. ಮಡಚಿದ ಕಿವಿ ಕೂಡ ಅವಳ ಕಡೆ ಅಲುಗಲಿಲ್ಲ. ಅದರ ಕಣ್ಣಿಗೆ ಅವಳೂ ಅವಳ ಕುರ್ಚಿಯೂ ಒಂದೇ ಆಗಿದ್ದವು.

ಮೈದಾನ ಚಪ್ಪಾಳೆಯಲ್ಲಿ ಮುಳುಗಿತು. ಹಿಂಗಾಲು ತಗುಲಿ ಕೋಲು ಕೊಕ್ಕೆಯಲ್ಲಿ ಕೊಂಚ ಓರೆಯಾಗಿತ್ತು, ಬಿದ್ದಿರಲಿಲ್ಲ. ದೊಡ್ಡವಳು ಎದ್ದು ಅದನ್ನು ನೆಟ್ಟಗೆ ಮಾಡಿ, ಮುಂದಿನ ನಾಯಿಗಾಗಿ ಮತ್ತೆ ಕೂತಳು. ಅಧ್ಯಕ್ಷೆಯ ಮಗ ಎರಡನೆಯವನಾದ. ತಾಯಿ ಅಧ್ಯಕ್ಷೆಯ ಮುಖವನ್ನು ಹುಡುಕಿ ಹುಡುಕಿ ನೋಡಿದಳು. ಆ ಮುಖದಲ್ಲಿ ತನಗೆ ಬೇಕಾದದ್ದೆಲ್ಲ ಸಿಕ್ಕಿತು.

ಆಗ ಕೋಚ್ ಬಂದ. ಗೆದ್ದ ಸಂತೋಷಕ್ಕಿಂತ ಹೆಚ್ಚಿನದೇನೋ ಅವನ ಕಣ್ಣಲ್ಲಿತ್ತು.

"ನೋಡಿದ್ರಾ ಅಕ್ಕಾ? ವಾರದಲ್ಲಿ ಕೈ ಬದಲಾಯಿಸೋ ನಾಯಿ ಸಿಗೋದು ಅಪರೂಪ. ಇನ್ನು ಮುಂದಿನದು ದೊಡ್ಡ ಪಂದ್ಯ. ಅಲ್ಲಿಗೆ ಚಿಕ್ಕವಳ ಕಾಲೂ ಸಾಲ್ದು, ಎಷ್ಟಾದ್ರೂ ಮಗು. ನಾನೇ ಓಡಿಸ್ತೀನಿ. ಇವತ್ತೇ ಕರ್ಕೊಂಡು ಹೋಗ್ತೀನಿ, ನನ್ನ ಮನೇಲೇ ಇರ್ಲಿ."

ಚಿಕ್ಕವಳು ಗೋಲಿಯ ಕತ್ತನ್ನು ತಬ್ಬಿಕೊಂಡಳು. "ಅಮ್ಮಾ, ಬೇಡ ಅನ್ನು."

ತಾಯಿ ಬೇಡವೆನ್ನಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಹಿಂದಿನಿಂದ ಅಧ್ಯಕ್ಷೆಯ ದನಿ ಕೇಳಿತು: "ದೊಡ್ಡ ಪಂದ್ಯಕ್ಕಾ? ಲಾಂಡ್ರಿಯವರ ನಾಯಿನಾ?"

"ಹೌದು" ಎಂದಳು ತಾಯಿ, ತಿರುಗಿ, ಗಟ್ಟಿಯಾಗಿ. "ನಮ್ಮ ನಾಯಿನೇ." ಆಮೇಲೆ ಕೋಚ್‌ಗೆ, "ಆಗ್ಲಿ, ಕರ್ಕೊಂಡು ಹೋಗಿ."

ಚಿಕ್ಕವಳು ಅಳುವುದನ್ನು ಕೇಳಿ ನಾಯಿಯೂ ಊಳಿಡತೊಡಗಿತು. ಸುತ್ತಲಿನವರು ನೋಡಲಾರಂಭಿಸಿದರು. ಕಿತ್ತಳೆ ಜಾಕೆಟ್ಟನ್ನು ನೀಟಾಗಿ ಮಡಿಸಿ ಹಿಡಿದುಕೊಂಡು ದೊಡ್ಡವಳು ಬಂದಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ಅವಳ ನಡಿಗೆಯೇ ಹೇಳುತ್ತಿತ್ತು. ತಂಗಿಯ ಬೆರಳುಗಳನ್ನು ನಾಯಿಯ ಕತ್ತಿನಿಂದ ಒಂದೊಂದಾಗಿ ಬಿಡಿಸಿದಳು.

"ಹಾಗೆ ಹಿಡ್ಕೋಬಾರ್ದು. ಏಳು. ಆ ಕಡೆ ತಿರುಗು."

"ಅಕ್ಕಾ, ಅದು ಅಳ್ತಿದೆ."

"ಅಳುತ್ತೆ. ನೀನು ನೋಡಿದ್ರೆ ಜಾಸ್ತಿ ಅಳುತ್ತೆ. ಬೇಲಿ ನೋಡು. ಬೇಲೀಲಿ ಎಷ್ಟು ತಂತಿ ಇದೆ ನೋಡು."

ಅಕ್ಕ ತಂಗಿಯನ್ನು ಸಮಾಧಾನ ಮಾಡುತ್ತಿದ್ದಾಳೆಂದೇ ತಾಯಿ ಮೊದಲು ಎಣಿಸಿದಳು. ಆಮೇಲೆ ದೊಡ್ಡವಳ ಕೈ ಕಂಡಿತು: ತಂಗಿಯ ಹಿಂಗತ್ತನ್ನು ಹಿಡಿದ ಬೆರಳುಗಳ ಗಿಣ್ಣುಗಳು ಬೆಳ್ಳಗಾಗಿದ್ದವು.

ಕೋಚ್ ಪಟ್ಟಿ ಎಳೆದ. ಗೋಲಿ ನಾಲ್ಕೂ ಕಾಲು ನೆಲಕ್ಕೆ ಕೊಟ್ಟು ಕೂತಿತು. ಚಿಕ್ಕವಳ ತಲೆ ಆ ಕಡೆ ತಿರುಗಲು ಹವಣಿಸಿತು.

"ಅಕ್ಕಾ, ನೋಯ್ತಿದೆ."

"ಗೊತ್ತು" ಎಂದಳು ದೊಡ್ಡವಳು. ಹಿಡಿತ ಸಡಿಲಿಸಲಿಲ್ಲ.

ತಾಯಿ ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಯಾರೋ ಗೆದ್ದವರನ್ನು ಫೋಟೋಗೆ ಕೂಗಿದರು. ಗೆದ್ದವಳು ಬೇಲಿಯ ಕಡೆ ಮುಖ ಮಾಡಿ ಬಿಕ್ಕುತ್ತಿದ್ದಳು, ಗೆದ್ದ ನಾಯಿಯನ್ನು ವ್ಯಾನಿನೊಳಗೆ ಎತ್ತಿ ಹಾಕುತ್ತಿದ್ದರು. ತಾಯಿ ಸೆರಗು ಸರಿಮಾಡಿಕೊಂಡು, ಬಹುಮಾನದ ಕಪ್ಪನ್ನು ಎತ್ತಿಕೊಂಡು, ಒಬ್ಬಳೇ ಹೋಗಿ ನಿಂತಳು.